ಹಿರಿಯರ ಮೇಲಿನ ದೌರ್ಜನ್ಯದ ಆರೋಪ: ಮುಂಬಯಿ, ಥಾಣೆ, ಪುಣೆಯ ಕನ್ನಡಿಗರಿಗೆ ಜಾಮೀನಿನ ಹಾದಿ

ವಯಸ್ಸಾದ ತಾಯಿಯೋ ತಂದೆಯೋ ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ಮಗ, ಸೊಸೆ, ಮಗಳು, ಅಳಿಯ ಅಥವಾ ಆರೈಕೆಗೆಂದು ಮನೆಯಲ್ಲಿ ಇಟ್ಟುಕೊಂಡವರು ಆರೋಪಿಗಳಾಗಿದ್ದಾರೆ. ಜಾಮೀನು ಸಿಗುತ್ತದೆಯೇ, ಯಾವ ಕೋರ್ಟಿಗೆ ಹೋಗಬೇಕು, ಹೊರಗೆ ಬಂದ ಮೇಲೆ ಅದೇ ಮನೆಗೆ ಹೋಗಬಹುದೇ? ಮುಂಬಯಿ, ಥಾಣೆ ಮತ್ತು ಪುಣೆಯ ಕನ್ನಡಿಗ ಕುಟುಂಬಗಳಿಂದ ಈ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿರುವುದರಿಂದ, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇದು ಆರೋಪಿಗಳಿಗೆ ಮತ್ತು ಅವರ ಪರವಾಗಿ ಓಡಾಡುವವರಿಗೆ ಮಾತ್ರವಲ್ಲ, ದೂರು ಕೊಟ್ಟ ಹಿರಿಯರಿಗೂ ಅವರ ಬೆನ್ನಿಗೆ ನಿಂತ ಉಳಿದ ಮಕ್ಕಳಿಗೂ ಬೇಕಾದ ತಿಳಿವಳಿಕೆ. ನಿಮ್ಮ ಪ್ರಕರಣದ ಕಾಗದಗಳನ್ನು ಓದಿದ ವಕೀಲರ ಸಲಹೆಗೆ ಇದು ಬದಲಿಯಲ್ಲ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕೆಂಬುದು ಇದರಿಂದ ನಿಮಗೆ ತಿಳಿದಿರುತ್ತದೆ.

ಜಾಮೀನು ಎಂದರೆ ಆರೋಪದಿಂದ ಖುಲಾಸೆಯಲ್ಲ. ಕರೆದಾಗ ಕೋರ್ಟಿಗೆ ಬರುತ್ತೇನೆ, ಸಾಕ್ಷಿಗಳಿಗೆ ತೊಂದರೆ ಕೊಡುವುದಿಲ್ಲ, ವಿಧಿಸಿದ ಷರತ್ತುಗಳನ್ನು ಪಾಲಿಸುತ್ತೇನೆ ಎಂಬ ಬರಹದ ವಚನದ ಮೇಲೆ ಆರೋಪಿಯನ್ನು ಬಂಧನದಿಂದ ಬಿಡುವ ವ್ಯವಸ್ಥೆ ಅದು. ಹಿರಿಯರ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಈ ವಚನಕ್ಕೆ ಬೇರೆಡೆ ಇಲ್ಲದ ತೂಕವಿದೆ, ಏಕೆಂದರೆ ಇಲ್ಲಿ ಮುಖ್ಯ ಸಾಕ್ಷಿಯೂ ಆರೋಪಿಯೂ ಒಂದೇ ಬಾಗಿಲಿನಿಂದ ಒಳಹೊರಗೆ ಓಡಾಡುವವರು. ಬಿಡುಗಡೆಗಿಂತ ಆ ಬಾಗಿಲಿನ ಪ್ರಶ್ನೆಯೇ ದೊಡ್ಡದು ಎಂಬುದನ್ನು ಮೊದಲ ದಿನವೇ ಅರಿತ ಕುಟುಂಬಗಳು ಬೇಗ ದಡ ಸೇರುತ್ತವೆ.

ಹಂತ 1: ಯಾವ ಕಲಂ ಹಾಕಿದ್ದಾರೆ ಎಂದು ತಿಳಿದುಕೊಳ್ಳಿ

'ಹಿರಿಯರ ಮೇಲಿನ ದೌರ್ಜನ್ಯ' ಎಂಬ ಹೆಸರಿನ ಒಂದೇ ಅಪರಾಧ ನಮ್ಮ ಕಾನೂನಿನಲ್ಲಿಲ್ಲ. ನಡೆದದ್ದೇನು ಎಂಬುದರ ಮೇಲೆ ಬೇರೆ ಬೇರೆ ಕಲಂಗಳು ಬೀಳುತ್ತವೆ, ಜಾಮೀನಿನ ಇಡೀ ಹಾದಿ ಆ ಕಲಂಗಳ ಮೇಲೆಯೇ ನಿಂತಿದೆ. ಆದ್ದರಿಂದ ಮೊದಲ ಕೆಲಸ ಎಫ್‌ಐಆರ್ ಪ್ರತಿಯನ್ನು ಪಡೆಯುವುದು. ಮಹಾರಾಷ್ಟ್ರ ಪೊಲೀಸರ ಜಾಲತಾಣದಲ್ಲಿ ಸಾಮಾನ್ಯವಾಗಿ ಅದು ಸಿಗುತ್ತದೆ. ಸಿಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಪಡೆಯಿರಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯೂ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬಂದಿವೆ. ಇಲ್ಲಿ ಹೊಸ ಕಲಂಗಳನ್ನೇ ಕೊಟ್ಟಿದ್ದೇನೆ, ಮುಂದೆ ಇವುಗಳನ್ನು ನ್ಯಾಯ ಸಂಹಿತೆ ಮತ್ತು ಸುರಕ್ಷಾ ಸಂಹಿತೆ ಎಂದು ಕರೆಯುತ್ತೇನೆ. ಆ ದಿನಾಂಕಕ್ಕೆ ಮೊದಲು ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯ ಕಲಂಗಳೇ ಅನ್ವಯಿಸುತ್ತವೆ.

ಮುಂಬಯಿಯಲ್ಲಿ ಎಲ್ಲರ ಬಾಯಲ್ಲಿರುವ 'ಎನ್‌ಸಿ' ಎಂಬುದು ಅಸಂಜ್ಞೇಯ ಅಪರಾಧದ ದಾಖಲೆ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ, ವಾರಂಟ್ ಇಲ್ಲದೆ ಬಂಧಿಸಲಾಗದ ಅಪರಾಧ. ಕೈಯಿಂದ ಹೊಡೆದು ಸಾಧಾರಣ ಗಾಯವಾದದ್ದು (ನ್ಯಾಯ ಸಂಹಿತೆಯ ಕಲಂ 115(2)), ಅವಮಾನಕರ ಬೈಗುಳ (ಕಲಂ 352), ಬೆದರಿಕೆ (ಕಲಂ 351) ಇವಷ್ಟೇ ಇದ್ದರೆ ಎನ್‌ಸಿಯಲ್ಲೇ ನಿಲ್ಲುತ್ತವೆ. ಎನ್‌ಸಿ ಬರೆಸಿದ್ದಾರೆಂಬ ಸುದ್ದಿ ಕೇಳಿದ ಕೂಡಲೇ ಜಾಮೀನಿಗಾಗಿ ದುಡ್ಡು ಸುರಿಯುವವರನ್ನು ನೋಡಿದ್ದೇನೆ; ಆ ಹಂತದಲ್ಲಿ ಅದರ ಅಗತ್ಯವೇ ಇರುವುದಿಲ್ಲ.

ಎರಡನೆಯ ಗುಂಪು, ಜಾಮೀನು ಹಕ್ಕಾಗಿ ಸಿಗುವ ಅಪರಾಧಗಳದ್ದು. 2007ರ ತಂದೆ-ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 24ನೇ ಕಲಂ, 60 ವರ್ಷ ತುಂಬಿದವರನ್ನು ನೋಡಿಕೊಳ್ಳಬೇಕಾದವರೇ ಎಲ್ಲೋ ಬಿಟ್ಟು ಕೈತೊಳೆದುಕೊಳ್ಳುವುದನ್ನು ಅಪರಾಧವೆನ್ನುತ್ತದೆ. ಅದಕ್ಕೆ ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಉಂಟು. ಪೊಲೀಸರು ನೇರವಾಗಿ ಬಂಧಿಸಬಹುದಾದರೂ ಜಾಮೀನು ಆರೋಪಿಯ ಹಕ್ಕು. ಕೋಣೆಯಲ್ಲಿ ಕೂಡಿಹಾಕುವುದು (ನ್ಯಾಯ ಸಂಹಿತೆಯ ಕಲಂ 127(2)), ದಾರಿಗೆ ಅಡ್ಡಗಟ್ಟುವುದು (ಕಲಂ 126(2)) ಕೂಡ ಇದೇ ಗುಂಪಿನವು. ಮೂಳೆ ಮುರಿಯುವಂಥ ತೀವ್ರ ಗಾಯಕ್ಕೆ (ಕಲಂ 117(2)) ಏಳು ವರ್ಷದವರೆಗೆ ಶಿಕ್ಷೆಯಿದ್ದರೂ ಅದೂ ಇಲ್ಲೇ ಬರುತ್ತದೆ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ಮೂರನೆಯದು ಜಾಮೀನುರಹಿತ ಅಪರಾಧಗಳು. ಈ ಪದ ಜನರನ್ನು ತುಂಬ ಹೆದರಿಸುತ್ತದೆ. ಜಾಮೀನು ಸಿಗುವುದೇ ಇಲ್ಲವೆಂದು ಅದರ ಅರ್ಥವಲ್ಲ. ಸ್ಟೇಷನ್ನಿನಲ್ಲೇ ಹಕ್ಕಿನಿಂದ ಕೇಳುವಂತಿಲ್ಲ, ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ ಎಂದಷ್ಟೇ ಅರ್ಥ. ಮಾರಕ ಆಯುಧದಿಂದ ಅಥವಾ ಬೆಂಕಿ, ಕಾದ ವಸ್ತುವಿನಿಂದ ಗಾಯ ಮಾಡುವುದು (ಕಲಂ 118), ಕೊಲೆಯತ್ನ (ಕಲಂ 109), ಸುಲಿಗೆ (ಕಲಂ 308), ಮನೆಯೊಳಗಿನ ಕಳವು (ಕಲಂ 305) ಇದರಲ್ಲಿ ಸೇರುತ್ತವೆ. ಹಿರಿಯರ ಪ್ರಕರಣಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಹಣದ ಕಲಂಗಳನ್ನು: ನಂಬಿ ಕೊಟ್ಟ ಪಾಸ್‌ಬುಕ್, ಎಟಿಎಂ ಕಾರ್ಡ್, ಠೇವಣಿ ರಸೀದಿಗಳ ದುರುಪಯೋಗಕ್ಕೆ ವಿಶ್ವಾಸದ್ರೋಹ (ಕಲಂ 316), ಮೋಸದಿಂದ ದಾನಪತ್ರಕ್ಕೆ ಸಹಿ ಹಾಕಿಸಿಕೊಂಡದ್ದಕ್ಕೆ ವಂಚನೆ (ಕಲಂ 318(4)). ಒಂದು ಏಟಿಗಿಂತ ಒಂದು ಸಹಿಯೇ ಆರೋಪಿಯನ್ನು ಜೈಲಿಗೆ ಹತ್ತಿರ ಒಯ್ಯಬಲ್ಲದು ಎಂಬುದನ್ನು ನೆನಪಿಡಿ.

ಇನ್ನು ಜಾಮೀನಿಗೆ ಸಂಬಂಧವೇ ಇಲ್ಲದ ಮೂರು ಕಾಗದಗಳನ್ನು ಜನ ಇದರೊಂದಿಗೆ ಬೆರೆಸಿಕೊಳ್ಳುತ್ತಾರೆ. ಮೊದಲನೆಯದು ಪೋಷಣಾ ನ್ಯಾಯಮಂಡಳಿಯ ನೋಟಿಸ್. ಉಪವಿಭಾಗಾಧಿಕಾರಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಮುಂದೆ ನಡೆಯುವ ಈ ವಿಚಾರಣೆ ಜೀವನಾಂಶ ಮತ್ತು ಆಸ್ತಿಗೆ ಸಂಬಂಧಿಸಿದ್ದು, ಅಲ್ಲಿ ನೀವು ಆರೋಪಿಯಲ್ಲ. ಆದರೆ ಆದೇಶವಾದ ಜೀವನಾಂಶವನ್ನು ಸಕಾರಣವಿಲ್ಲದೆ ಕೊಡದಿದ್ದರೆ ವಾರಂಟ್ ಹೊರಟು, ಒಂದು ತಿಂಗಳವರೆಗೆ ಅಥವಾ ಹಣ ಕಟ್ಟುವವರೆಗೆ, ಯಾವುದು ಮೊದಲೋ ಅಲ್ಲಿಯತನಕ, ಸೆರೆಯಾಗಬಹುದು; ಅದಕ್ಕೆ ಮದ್ದು ಬಾಕಿ ಹಣ ಕಟ್ಟುವುದೇ ಹೊರತು ಜಾಮೀನಲ್ಲ. ಎರಡನೆಯದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ತಾಯಿ ಅಥವಾ ಅತ್ತೆ ಹಾಕಿದ ಅರ್ಜಿ. ಮುಂಬಯಿಯ ಒಂದು ಕುಟುಂಬದ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ 'ವಯಸ್ಕ ಪುರುಷ' ಎಂಬ ಪದಗಳನ್ನು ತೆಗೆದುಹಾಕಿದ ಮೇಲೆ ಸೊಸೆ, ಮಗಳ ಮೇಲೂ ಇದನ್ನು ಹಾಕಬಹುದು. ಈ ಅರ್ಜಿಗೂ ಜಾಮೀನು ಬೇಡ, ಆದರೆ ಅದರಲ್ಲಿ ಹೊರಟ ರಕ್ಷಣಾ ಆದೇಶವನ್ನು ಮುರಿದರೆ ಅದೇ ಜಾಮೀನುರಹಿತ ಅಪರಾಧವಾಗುತ್ತದೆ. ಮೂರನೆಯದು 'ಚಾಪ್ಟರ್ ಕೇಸ್': ಶಾಂತಿಭಂಗವಾಗಬಹುದೆಂದು ಸಹಾಯಕ ಪೊಲೀಸ್ ಆಯುಕ್ತರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾಗಿ ಕರೆದು ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವ ಕ್ರಮ ಅದು.

ಹಂತ 2: ಬಂಧನಕ್ಕೆ ಮೊದಲು ಮಾಡಬೇಕಾದ್ದು

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಪೊಲೀಸರಿಗೆ ಕಟ್ಟುನಿಟ್ಟಾಗಿ ಹೇಳಿದೆ. ಬಂಧನದ ಬದಲು ಸುರಕ್ಷಾ ಸಂಹಿತೆಯ 35(3)ನೇ ಕಲಮಿನಡಿ 'ಇಂಥ ದಿನ ಹಾಜರಾಗಿ' ಎಂಬ ನೋಟಿಸ್ ಕೊಡುತ್ತಾರೆ. ನೋಟಿಸಿನಂತೆ ನಡೆದುಕೊಂಡವರನ್ನು, ಕಾರಣ ಬರೆದಿಡದೆ, ಬಂಧಿಸುವಂತಿಲ್ಲ. ಇಲ್ಲಿಯ ದೊಡ್ಡ ತಪ್ಪು ನೋಟಿಸನ್ನು ಕಡೆಗಣಿಸಿ ಊರಿಗೆ ಹೊರಟುಬಿಡುವುದು. ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸುವುದು ಸರಿಯಾದ ಜಾರಿ ಅಲ್ಲವೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೂ ಹಾಗೆ ಬಂದ ನೋಟಿಸನ್ನು ವಕೀಲರಿಗೆ ತೋರಿಸಿ, ಬರಹದಲ್ಲೇ ಉತ್ತರ ಕೊಡುವುದು ಜಾಣತನ. ಸ್ಟೇಷನ್ನಿಗೆ ಹೋದ ಪ್ರತಿ ಸಲವೂ ಹಾಜರಾದ ದಿನ ಮತ್ತು ಹೊತ್ತಿಗೆ ಬರಹದ ಪುರಾವೆ ಇರಲಿ. ಆರೋಪಿಯೇ 60 ದಾಟಿದವರೋ ಅಶಕ್ತರೋ ಆಗಿದ್ದು, ಅಪರಾಧಕ್ಕೆ ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿದ್ದರೆ, ಡಿವೈಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಮುಂಗಡ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ತೊಂಬತ್ತರ ತಾಯಿಯ ಮಗನಿಗೆ ಅರವತ್ತೈದಾಗಿರುವುದು ಅಪರೂಪವೇನಲ್ಲ.

ಜಾಮೀನುರಹಿತ ಅಪರಾಧದಲ್ಲಿ ಬಂಧನದ ಭಯ ನಿಜವಾಗಿದ್ದರೆ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧಿಸಿದರೂ ಜಾಮೀನಿನ ಮೇಲೆ ಬಿಡಬೇಕೆಂಬ ಮುಂಗಡ ಆದೇಶಕ್ಕೆ, ಸುರಕ್ಷಾ ಸಂಹಿತೆಯ 482ನೇ ಕಲಮಿನಡಿ ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟರಿಗೆ ಈ ಅಧಿಕಾರವಿಲ್ಲ. ಸೆಷನ್ಸ್ ಕೋರ್ಟಿಗೂ ಹೈಕೋರ್ಟಿಗೂ ಇದೆ, ಮೊದಲು ಸೆಷನ್ಸಿಗೆ ಹೋಗುವುದು ರೂಢಿ. ಎಫ್‌ಐಆರ್ ಆಗಿರಲೇಬೇಕೆಂದಿಲ್ಲ, ಆದರೆ ಭಯಕ್ಕೆ ಆಧಾರ ತೋರಿಸಬೇಕು. ಅರ್ಜಿಯ ಕೊನೆಯಲ್ಲಿ ಮಧ್ಯಂತರ ರಕ್ಷಣೆಯನ್ನು, ಅಂದರೆ ಮುಂದಿನ ವಿಚಾರಣೆಯವರೆಗೆ ಬಂಧಿಸಬಾರದೆಂಬ ತಾತ್ಕಾಲಿಕ ಆದೇಶವನ್ನು, ಬಿಡಿಸಿ ಕೇಳಿ. ಅದನ್ನು ಕೇಳದೆ ಅರ್ಜಿ ಬಾಕಿಯಿರುವಾಗಲೇ ಬಂಧನವಾದರೆ ಆ ಅರ್ಜಿಗೆ ಅರ್ಥ ಉಳಿಯುವುದಿಲ್ಲ.

ಕೋರ್ಟು ಯಾವುದೆಂಬುದನ್ನು ನಿಮ್ಮ ಅಂಚೆ ವಿಳಾಸ ಹೇಳುವುದಿಲ್ಲ, ಎಫ್‌ಐಆರ್ ಆದ ಸ್ಟೇಷನ್ ಹೇಳುತ್ತದೆ. 'ನಾವು ಮುಂಬಯಿಯವರು' ಎನ್ನುವ ಡೊಂಬಿವಿಲಿಯ ಕುಟುಂಬಕ್ಕೆ ಸೆಷನ್ಸ್ ಕೋರ್ಟು ಕಲ್ಯಾಣದಲ್ಲಿದೆ. ಗೋರೆಗಾಂವ್, ಮಲಾಡ್, ಬೊರಿವಲಿಯಂಥ ಉಪನಗರಗಳ ಅರ್ಜಿಗಳು ದಿಂಡೋಶಿಗೂ ದಕ್ಷಿಣ ಮುಂಬಯಿಯವು ಕೋಟೆ (ಫೋರ್ಟ್) ಪ್ರದೇಶದ ಸೆಷನ್ಸ್ ಕೋರ್ಟಿಗೂ ಹೋಗುತ್ತವೆ. ಪುಣೆಯವರಿಗೆ ಶಿವಾಜಿನಗರದ ಜಿಲ್ಲಾ ನ್ಯಾಯಾಲಯ. ಇನ್ನೊಂದು ಸನ್ನಿವೇಶ ನಮ್ಮವರಲ್ಲಿ ವಿಶೇಷವಾಗಿ ಎದುರಾಗುತ್ತದೆ: ತಾಯಿ ಮಗನ ಮನೆ ಬಿಟ್ಟು ಉಡುಪಿಗೋ ಕುಂದಾಪುರಕ್ಕೋ ಹಿಂತಿರುಗಿ ಅಲ್ಲಿ ದೂರು ಕೊಡುತ್ತಾರೆ. ಆಗ ಮುಂಬಯಿಯಲ್ಲಿರುವ ಆರೋಪಿ ಇಲ್ಲಿಯ ಸೆಷನ್ಸ್ ಕೋರ್ಟು ಅಥವಾ ಹೈಕೋರ್ಟಿನಿಂದ ಅಲ್ಪಾವಧಿಯ 'ಟ್ರಾನ್ಸಿಟ್' ನಿರೀಕ್ಷಣಾ ಜಾಮೀನು ಪಡೆದು, ಆ ಅವಧಿಯೊಳಗೆ ಕರ್ನಾಟಕದ ಸಂಬಂಧಪಟ್ಟ ಕೋರ್ಟನ್ನು ಸೇರಿಕೊಳ್ಳಬಹುದು. ಸುಪ್ರೀಂ ಕೋರ್ಟ್ 2023ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಇದನ್ನು ಒಪ್ಪಿದೆ.

ಹಂತ 3: ಬಂಧನವಾದ ಮೊದಲ 24 ಗಂಟೆ

ಬಂಧಿಸಿದವರು ಕಾರಣವನ್ನು ಹೇಳಬೇಕು, ಜಾಮೀನೀಯ ಅಪರಾಧವಾದರೆ ಜಾಮೀನಿನ ಹಕ್ಕನ್ನೂ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಭಾನುವಾರ, ಹಬ್ಬ ಎಂಬ ನೆಪ ನಡೆಯದು, ರಜೆಯ ದಿನಗಳಿಗೂ ರಿಮಾಂಡ್ ಕೋರ್ಟು, ಅಂದರೆ ಬಂಧಿತರನ್ನು ಮುಂದೆ ಪೊಲೀಸ್ ವಶದಲ್ಲಿಡಬೇಕೇ ಜೈಲಿನಲ್ಲಿಡಬೇಕೇ ಎಂದು ತೀರ್ಮಾನಿಸುವ ಕೋರ್ಟು, ಇರುತ್ತದೆ. ಅಸಾಧಾರಣ ಸಂದರ್ಭದಲ್ಲಿ, ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿದ್ದರೆ ಹೊರತು, ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ.

ಭಾಷೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಹುಟ್ಟಿ ಬೆಳೆದ ನಮ್ಮವರು ಮರಾಠಿಯನ್ನು ನಿರರ್ಗಳವಾಗಿ ಮಾತಾಡುತ್ತಾರೆ, ಆದರೆ ಕಚೇರಿ ಮರಾಠಿಯಲ್ಲಿ ಬರೆದ ಪಂಚನಾಮೆ, ಜಬಾನಿ (ಹೇಳಿಕೆ), ರಿಮಾಂಡ್ ಅರ್ಜಿಗಳು ಎಲ್ಲರಿಗೂ ಅರ್ಥವಾಗುವುದಿಲ್ಲ. ಊರಿನಿಂದ ಮದುವೆಯಾಗಿ ಬಂದ ಸೊಸೆಗೆ, ಆರೈಕೆಗೆಂದು ಕರೆಸಿಕೊಂಡ ಹೆಂಗಸಿಗೆ ಓದುವುದಿರಲಿ, ಕೇಳಿದರೂ ತಿಳಿಯದು. 2025ರ ನವೆಂಬರ್‌ನಲ್ಲಿ ಮುಂಬಯಿಯದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕು, ಕೂಡಲೇ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದು ವಿಧಿಸಿದೆ. ಬಂಧಿತರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದಿದ್ದರೆ ಅದನ್ನು ಮೊದಲ ರಿಮಾಂಡಿನಲ್ಲೇ ಮ್ಯಾಜಿಸ್ಟ್ರೇಟರ ಗಮನಕ್ಕೆ ತನ್ನಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, 'ಆಮೇಲೆ ನೋಡಿಕೊಳ್ಳೋಣ' ಎನ್ನಬೇಡಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವು ಕೇಳಿ. ಕಾನೂನು ಸೇವೆಗಳ ಸಹಾಯವಾಣಿ 15100. ಮಹಿಳೆಯರಿಗೆ ಮತ್ತು ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವಿನ ಹಕ್ಕಿದೆ.

ರಿಮಾಂಡಿನ ಹೊತ್ತಿಗೆ ಕೋರ್ಟಿನ ಆವರಣದಲ್ಲಿ 'ಪಿಸಿಆರ್', 'ಎಂಸಿಆರ್' ಎಂಬ ಮಾತು ಕಿವಿಗೆ ಬೀಳುತ್ತದೆ. ಮೊದಲನೆಯದು ಪೊಲೀಸ್ ವಶ, ಎರಡನೆಯದು ನ್ಯಾಯಾಂಗ ಬಂಧನ, ಅಂದರೆ ಜೈಲು. 'ಎಂಸಿಆರ್ ಆಯಿತು' ಎಂದಾಗ ಮನೆಯವರು ಅಳುತ್ತಾರೆ, ವಕೀಲರು ಜಾಮೀನು ಅರ್ಜಿ ಹೊರತೆಗೆಯುತ್ತಾರೆ. ಸಾಮಾನ್ಯವಾಗಿ ಅರ್ಜಿ ಮುಂದೆ ಸಾಗುವುದು ಆ ಘಟ್ಟದಿಂದಲೇ.

ಹಂತ 4: ಜಾಮೀನು ಅರ್ಜಿಯಲ್ಲಿ ಏನಿರಬೇಕು

ಜಾಮೀನೀಯ ಅಪರಾಧವಾದರೆ ಸ್ಟೇಷನ್ನಿನ ಅಧಿಕಾರಿಯೇ ಸುರಕ್ಷಾ ಸಂಹಿತೆಯ 478ನೇ ಕಲಮಿನಡಿ ಬಿಡಬೇಕು, ಇಲ್ಲಿ ವಾದಕ್ಕೆ ಜಾಗವಿಲ್ಲ. ಜಾಮೀನುರಹಿತವಾದರೆ ಮ್ಯಾಜಿಸ್ಟ್ರೇಟರ ಮುಂದೆ 480ನೇ ಕಲಮಿನಡಿ, ಅಲ್ಲಿ ಆಗದಿದ್ದರೆ ಅಥವಾ ಕೊಲೆಯತ್ನದಂಥ ಆರೋಪವಿದ್ದರೆ ಸೆಷನ್ಸ್ ಕೋರ್ಟು, ಹೈಕೋರ್ಟುಗಳಲ್ಲಿ 483ನೇ ಕಲಮಿನಡಿ ಅರ್ಜಿ. ಮಹಿಳೆಯರು, ರೋಗಿಗಳು, ಅಶಕ್ತರ ವಿಷಯದಲ್ಲಿ 480ನೇ ಕಲಂ ವಿಶೇಷ ರಿಯಾಯಿತಿ ತೋರುತ್ತದೆ.

ನ್ಯಾಯಾಲಯ ತೂಗುವುದು ಆರೋಪದ ಗಾಂಭೀರ್ಯ, ಓಡಿಹೋಗುವ ಸಾಧ್ಯತೆ, ಸಾಕ್ಷ್ಯ ಕೆಡಿಸುವ ಅಪಾಯ, ಹಿಂದಿನ ನಡತೆ ಇವನ್ನು. ಮಾಮೂಲಿ ಅರ್ಜಿಗಳು 'ಆರೋಪಿ ಕಾಯಂ ನಿವಾಸಿ, ಓಡಿಹೋಗುವುದಿಲ್ಲ' ಎಂದು ಬರೆದು ಮುಗಿಸುತ್ತವೆ. ಹಿರಿಯರ ಪ್ರಕರಣದಲ್ಲಿ ನ್ಯಾಯಾಧೀಶರ ಚಿಂತೆ ಅದಲ್ಲ. ಇವನನ್ನು ಬಿಟ್ಟರೆ ಈ ಸಂಜೆ ಆ ಮುದುಕಿಯ ಗತಿಯೇನು ಎಂಬುದು ಅವರ ಚಿಂತೆ, ಅದು ನ್ಯಾಯವಾದ ಚಿಂತೆ. ಅರ್ಜಿ ಅದಕ್ಕೇ ಉತ್ತರ ಕೊಡಬೇಕು. ಬಿಡುಗಡೆಯಾದ ಮೇಲೆ ಆರೋಪಿ ಬೇರೆಲ್ಲಿ ಇರುತ್ತಾನೆ ಎಂಬುದನ್ನು ವಿಳಾಸ ಸಹಿತ, ಆ ಮನೆಯವರ ಒಪ್ಪಿಗೆಪತ್ರದೊಂದಿಗೆ ಹೇಳಿ. ಹಿರಿಯರ ಊಟ, ಔಷಧ, ಆಸ್ಪತ್ರೆಯ ಖರ್ಚನ್ನು ಯಾರು ನೋಡಿಕೊಳ್ಳುತ್ತಾರೆ, ಪ್ರತಿ ತಿಂಗಳು ಹಣ ಹೇಗೆ ತಲುಪುತ್ತದೆ ಎಂದು ಬರೆಯಿರಿ. ಅವರ ಪಾಸ್‌ಬುಕ್, ಕಾರ್ಡ್, ಒಡವೆ, ಬೀಗದ ಕೈಗಳು ನಿಮ್ಮಲ್ಲಿದ್ದರೆ ತನಿಖಾಧಿಕಾರಿಗೆ ಒಪ್ಪಿಸಿ ಪಂಚನಾಮೆ ಮಾಡಿಸಿ, ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ನೇರವಾಗಿ ಹಿರಿಯರ ಕೈಗೆ ಕೊಡಲು ಹೋಗಬೇಡಿ. ಆಧಾರ್, ವಿಳಾಸದ ಪುರಾವೆ, ಉದ್ಯೋಗದ ಪತ್ರ, ಹಿಂದೆ ಮಾಡಿದ ವೈದ್ಯಕೀಯ ಖರ್ಚಿನ ಬಿಲ್ಲುಗಳು, ಕಾಯಿಲೆಯಿದ್ದರೆ ಅದರ ಕಾಗದಗಳು ಜೊತೆಗಿರಲಿ.

ಎರಡು ತಪ್ಪುಗಳನ್ನು ತಪ್ಪಿಸಿ. ಒಂದು, ಹಿರಿಯರಿಗೆ 'ಅರಳುಮರಳು', 'ಅಣ್ಣ ಹೇಳಿಕೊಟ್ಟು ದೂರು ಕೊಡಿಸಿದ್ದಾನೆ' ಎಂದು ಪುರಾವೆಯಿಲ್ಲದೆ ಬರೆಯುವುದು. ಗಾಯದ ವೈದ್ಯಕೀಯ ಪ್ರಮಾಣಪತ್ರವನ್ನು ಮುಂದಿಟ್ಟುಕೊಂಡ ನ್ಯಾಯಾಧೀಶರಿಗೆ ಈ ಮಾತು ಆರೋಪಿಯ ಮನೋಭಾವಕ್ಕೇ ಸಾಕ್ಷಿಯಾಗಿ ಕಾಣುತ್ತದೆ. ಮರೆವಿನ ಕಾಯಿಲೆ ನಿಜವಾಗಿ ಇದ್ದರೆ ವೈದ್ಯರ ಕಾಗದ ಮಾತಾಡಲಿ. ಎರಡು, ಹಿಂದಿನ ಎನ್‌ಸಿ, ನ್ಯಾಯಮಂಡಳಿಯ ಆದೇಶ, ತಿರಸ್ಕೃತವಾದ ಹಳೆಯ ಅರ್ಜಿಯನ್ನು ಮುಚ್ಚಿಡುವುದು. ಸರ್ಕಾರಿ ವಕೀಲರು ಅದನ್ನು ಹೊರತೆಗೆದ ಕ್ಷಣವೇ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಹಂತ 5: ಹಿರಿಯರ ಮಾತು ನ್ಯಾಯಾಲಯಕ್ಕೆ ತಲುಪಬೇಕು

ಈಗ ದೂರು ಕೊಟ್ಟ ಹಿರಿಯರಿಗೆ ಮತ್ತು ಅವರೊಂದಿಗಿರುವವರಿಗೆ ಹೇಳುತ್ತಿದ್ದೇನೆ. ಜಾಮೀನಿನ ವಿಚಾರಣೆಯಲ್ಲೂ ಬಾಧಿತರ ಮಾತನ್ನು ಕೇಳಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನೀವು ಸರ್ಕಾರಿ ವಕೀಲರನ್ನು ಕಂಡು ನಿಮ್ಮ ಮಾತನ್ನು ಬರಹದಲ್ಲಿ ಕೊಡಬಹುದು, ಅವರಿಗೆ ನೆರವಾಗಲು ನಿಮ್ಮದೇ ವಕೀಲರನ್ನೂ ಇಟ್ಟುಕೊಳ್ಳಬಹುದು. 'ಜಾಮೀನು ಕೊಡಬೇಡಿ' ಎಂದಷ್ಟೇ ಹೇಳುವುದಕ್ಕಿಂತ, ಕೊಟ್ಟರೆ ಯಾವ ಷರತ್ತು ಬೇಕೆಂದು ಹೇಳುವುದು ಹೆಚ್ಚು ಉಪಯೋಗದ್ದು: ಮನೆಗೆ ಬರಬಾರದು, ಫೋನ್ ಮಾಡಬಾರದು, ಖಾತೆ ಮುಟ್ಟಬಾರದು, ನನ್ನ ಔಷಧದ ವ್ಯವಸ್ಥೆ ನಿಲ್ಲಬಾರದು.

ಬಂಧನದ ಮರುದಿನವೇ ತಾಯಿ ಕೋರ್ಟಿನ ಬಾಗಿಲಲ್ಲಿ ನಿಂತು 'ಮಗನನ್ನು ಬಿಟ್ಟುಬಿಡಿ, ಕೇಸ್ ವಾಪಸ್ ಮಾಡುತ್ತೇನೆ' ಎನ್ನುವುದು ನಮ್ಮಲ್ಲಿ ನಿತ್ಯ ಕಾಣುವ ದೃಶ್ಯ. ಆ ಕರುಳಿನ ಸಂಕಟವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ದಾಖಲಾದ ಎಫ್‌ಐಆರನ್ನು ದೂರುದಾರರು ಹಾಗೆ ಹಿಂತೆಗೆದುಕೊಳ್ಳಲಾಗದು. ಸಾಧಾರಣ ಗಾಯದಂಥ ಕೆಲವು ಅಪರಾಧಗಳಲ್ಲಿ ರಾಜಿಗೆ ಕಾನೂನೇ ಅವಕಾಶ ಕೊಟ್ಟಿದೆ, ಉಳಿದವುಗಳಿಗೆ ಹೈಕೋರ್ಟಿನವರೆಗೆ ಹೋಗಬೇಕು. ಇದಕ್ಕೆ ಜಾಮೀನಿನ ಹಂತ ತಕ್ಕ ಸಮಯವಲ್ಲ. ಇನ್ನು, ಆರೋಪಿಯ ಕಡೆಯವರು ಹಿರಿಯರಿಂದ 'ನನ್ನ ಆಕ್ಷೇಪಣೆ ಇಲ್ಲ' ಎಂಬ ಪ್ರಮಾಣಪತ್ರಕ್ಕೆ ಒತ್ತಾಯದಿಂದ ಸಹಿ ಹಾಕಿಸುವುದು ಸಾಕ್ಷಿಯ ಮೇಲೆ ಒತ್ತಡ ಹೇರಿದಂತೆಯೇ. ನ್ಯಾಯಾಧೀಶರು ಹಿರಿಯರನ್ನೇ ಕೇಳಿದರೆ ಸತ್ಯ ಹೊರಬರುತ್ತದೆ.

ಹಂತ 6: ಮುಚ್ಚಳಿಕೆ, ಜಾಮೀನುದಾರ, ಬಿಡುಗಡೆ

ಆದೇಶವಾದ ಕೂಡಲೇ ಬಿಡುಗಡೆಯಾಗುವುದಿಲ್ಲ. ಆದೇಶದಲ್ಲಿ ಎರಡು ಮಾತಿರುತ್ತವೆ: 'ಪಿಆರ್ ಬಾಂಡ್', ಅಂದರೆ ಇಷ್ಟು ಮೊತ್ತಕ್ಕೆ ಆರೋಪಿ ತಾನೇ ಬರೆದುಕೊಡುವ ಸ್ವಂತ ಮುಚ್ಚಳಿಕೆ, ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬರೋ ಇಬ್ಬರೋ ಜಾಮೀನುದಾರರು. ಜಾಮೀನುದಾರರು ಮುಂದಾಗಿ ಹಣ ಕಟ್ಟಬೇಕಿಲ್ಲ. ಆರೋಪಿ ತಪ್ಪಿಸಿಕೊಂಡರೆ ಅಷ್ಟು ಹಣಕ್ಕೆ ತಾವು ಹೊಣೆ ಎಂದು ಬರೆದುಕೊಡುತ್ತಾರೆ. ಅವರ ಗುರುತಿನ ಕಾಗದ, ರೇಷನ್ ಕಾರ್ಡ್, ಸಂಬಳದ ಚೀಟಿ ಅಥವಾ ಆಸ್ತಿಯ ದಾಖಲೆಗಳನ್ನು ಕೋರ್ಟು ಪರಿಶೀಲಿಸುತ್ತದೆ. ಪರಿಶೀಲನೆಗೆ ದಿನ ಹಿಡಿಯುವುದರಿಂದ ವಕೀಲರು ತಾತ್ಕಾಲಿಕ ನಗದು ಜಾಮೀನು ಕೇಳುವುದು ಮುಂಬಯಿಯಲ್ಲಿ ರೂಢಿ: ಈಗ ನಗದು ಕಟ್ಟಿ ಹೊರಬಂದು, ಕೋರ್ಟು ಕೊಟ್ಟ ಗಡುವಿನೊಳಗೆ ಜಾಮೀನುದಾರರನ್ನು ಒದಗಿಸುವುದು. ಗಡುವು ಮರೆತರೆ ಮತ್ತೆ ತೊಂದರೆ.

'ನಮಗೆ ಇಲ್ಲಿ ಆಸ್ತಿಯಿಲ್ಲ, ಇರುವುದೆಲ್ಲ ಊರಲ್ಲಿ' ಎನ್ನುವವರು ಎದೆಗುಂದಬೇಕಿಲ್ಲ. ಬೇರೆ ಜಿಲ್ಲೆಯ ಜಾಮೀನುದಾರರೆಂಬ ಕಾರಣಕ್ಕೆ ತಿರಸ್ಕರಿಸಬಾರದೆಂದು ಸುಪ್ರೀಂ ಕೋರ್ಟ್ 1978ರಲ್ಲೇ ತೀರ್ಪು ಕೊಟ್ಟಿದೆ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ, ದೂರದೂರಿನಲ್ಲಿ ಬಂಧಿತನಾದ ಮಲಯಾಳಿಯೋ ಕನ್ನಡಿಗನೋ ಏನು ಮಾಡಬೇಕು ಎಂದು ನಮ್ಮನ್ನು ಹೆಸರಿಸಿಯೇ ಕೇಳಿದ್ದಾರೆ. ಹಾಗಿದ್ದರೂ ಸ್ಥಳೀಯರೊಬ್ಬರು ಸಿಕ್ಕರೆ ಕೆಲಸ ಬೇಗ ಆಗುತ್ತದೆ ಎಂಬುದು ಅನುಭವದ ಮಾತು. ಜಾಮೀನೀಯ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವರನ್ನು ಬಡವರೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಾನೂನೇ ಹೇಳುತ್ತದೆ. ಉಳಿದ ಪ್ರಕರಣಗಳಲ್ಲೂ ಮೊತ್ತ ಹೆಚ್ಚಾಯಿತೆಂದು ಇಳಿಸಲು ಕೇಳಬಹುದು.

ಕೋರ್ಟಿನ ಹೊರಗೆ ಸುಳಿದಾಡುವ ಬಾಡಿಗೆ ಜಾಮೀನುದಾರರ ಹತ್ತಿರ ಮಾತ್ರ ಹೋಗಬೇಡಿ. ಅವರ ರೇಷನ್ ಕಾರ್ಡ್, ಸಂಬಳದ ಚೀಟಿ ನಕಲಿಯೆಂದು ತಿಳಿದ ದಿನ ಮಗನ ಮೇಲಿನ ಕೇಸಿನೊಂದಿಗೆ ನಿಮ್ಮ ಮೇಲೂ ನಕಲಿ ದಾಖಲೆಯ ಕೇಸು ಸೇರುತ್ತದೆ.

ಬಿಡುಗಡೆ ಆದೇಶ ಆರ್ಥರ್ ರೋಡ್, ಬೈಕಲಾ, ತಳೋಜಾ, ಕಲ್ಯಾಣ, ಯರವಾಡ, ಯಾವ ಜೈಲಿದೆಯೋ ಅಲ್ಲಿಗೆ ತಲುಪಬೇಕು. ಆ ದಿನದ ಹೊತ್ತು ಮೀರಿದರೆ ಬಿಡುಗಡೆ ಮರುದಿನಕ್ಕೆ ಹೋಗುತ್ತದೆ, ಆದ್ದರಿಂದ ಕಾಗದದ ಕೆಲಸವನ್ನು ಬೆಳಗ್ಗೆಯೇ ಮುಗಿಸಿ. ಜಾಮೀನು ಸಿಕ್ಕಿಯೂ ಏಳು ದಿನದಲ್ಲಿ ಹೊರಬರದವರ ಬಗ್ಗೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ.

ಹಂತ 7: ಷರತ್ತುಗಳು, ಮುಖ್ಯವಾಗಿ ಮನೆಯ ಬಾಗಿಲು

ಎಷ್ಟೋ ಜಾಮೀನುಗಳು ಕೆಡುವುದು ಈ ಹಂತದಲ್ಲಿ. ಆದೇಶದ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು, ಪ್ರತಿ ಷರತ್ತನ್ನೂ ವಕೀಲರಿಂದ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳಿ. ಹಿರಿಯರನ್ನು ಸಂಪರ್ಕಿಸಬಾರದು ಎಂಬ ಷರತ್ತಿದ್ದರೆ ಫೋನು, ವಾಟ್ಸಾಪು, ಮೊಮ್ಮಕ್ಕಳ ಕೈಯಲ್ಲಿ ಕಳಿಸುವ ಚೀಟಿ ಎಲ್ಲವೂ ಸಂಪರ್ಕವೇ. ಸೋದರಮಾವನೋ ಸಂಘದ ಹಿರಿಯರೋ 'ನಾವು ಕೂತು ಮಾತಾಡಿ ಬಗೆಹರಿಸುತ್ತೇವೆ' ಎಂದು ಒಳ್ಳೆಯ ಮನಸ್ಸಿನಿಂದಲೇ ಹೊರಡುತ್ತಾರೆ. ಆದರೆ ಆರೋಪಿಯ ಪರವಾಗಿ ಸಾಕ್ಷಿಯ ಮನೆಗೆ ಹೋಗುವ ಮೂರನೆಯವರ ಭೇಟಿಯೂ ಜಾಮೀನು ರದ್ದತಿಗೆ ಕಾರಣವಾಗಬಲ್ಲದು. ಸಂಧಾನ ಬೇಕಿದ್ದರೆ ನ್ಯಾಯಾಲಯದ ಮೂಲಕವೇ ಮಧ್ಯಸ್ಥಿಕೆ ಕೇಳಿ.

'ಫ್ಲ್ಯಾಟು ನನ್ನ ಹೆಸರಿನಲ್ಲಿದೆ, ನನ್ನ ಮನೆಗೆ ನಾನು ಹೋಗಲು ಯಾರ ಅಪ್ಪಣೆ ಬೇಕು' ಎಂಬ ಮಾತು ಪ್ರತಿ ಬಾರಿಯೂ ಕೇಳಿಬರುತ್ತದೆ. ಮನೆಗೆ ಕಾಲಿಡಬಾರದೆಂಬ ಷರತ್ತು ಮಾಲೀಕತ್ವವನ್ನು ಕಸಿಯುವುದಿಲ್ಲ, ಆದರೆ ಅದು ಜಾರಿಯಲ್ಲಿರುವವರೆಗೆ ಮಾಲೀಕನೂ ಅದಕ್ಕೆ ಬದ್ಧ. ಬಟ್ಟೆಬರೆ, ಮಕ್ಕಳ ಪುಸ್ತಕ, ಕಚೇರಿಯ ಲ್ಯಾಪ್‌ಟಾಪ್ ಬೇಕಿದ್ದರೆ ಒಂದು ಸಲ ಪೊಲೀಸರೊಂದಿಗೆ ಹೋಗಿ ತರಲು ಕೋರ್ಟಿನ ಅನುಮತಿ ಕೇಳಿ. ಒಂದೇ ಕೋಣೆಯ ಚಾಳಿನಲ್ಲಿ ಬದುಕುವ ಕುಟುಂಬಕ್ಕೆ ಈ ಷರತ್ತು ಎಷ್ಟು ಕಠಿಣವೆಂದು ನನಗೆ ಗೊತ್ತು, ಬೇರೆ ಮನೆಯ ಬಾಡಿಗೆ ಎಲ್ಲರಿಗೂ ಹೊಂದುವುದಿಲ್ಲ. ಆ ಕಷ್ಟವನ್ನು ನ್ಯಾಯಾಲಯದ ಮುಂದೆ ಹೇಳಿ ಷರತ್ತನ್ನು ಸಡಿಲಿಸಲು ಅರ್ಜಿ ಹಾಕಬೇಕೇ ಹೊರತು, ರಾತ್ರಿ ಹೊತ್ತು ಬಂದು ಮಲಗಿ ಬೆಳಗ್ಗೆ ಹೋಗುವುದಲ್ಲ. ಸೊಸೈಟಿಯ ಕಾವಲುಗಾರನ ಪುಸ್ತಕ ಮತ್ತು ಸಿಸಿಟಿವಿ ಎಲ್ಲವನ್ನೂ ಹೇಳುತ್ತವೆ.

ಇನ್ನೊಂದು ಷರತ್ತು, ಅನುಮತಿಯಿಲ್ಲದೆ ಜಿಲ್ಲೆ ಅಥವಾ ರಾಜ್ಯ ಬಿಡಬಾರದೆಂಬುದು. ನಾಗರಪಂಚಮಿಗೆ, ಮನೆದೇವರ ಕೋಲಕ್ಕೆ, ತಂದೆಯ ವಾರ್ಷಿಕ ಶ್ರಾದ್ಧಕ್ಕೆ ಊರಿಗೆ ಹೋಗುವುದು ನಮಗೆ ಉಸಿರಾಟದಷ್ಟು ಸಹಜ, ಹಾಗಾಗಿ ಅದು ಉಲ್ಲಂಘನೆಯೆಂದು ಹೊಳೆಯುವುದೇ ಇಲ್ಲ. ದಿನಾಂಕ, ವಿಳಾಸ, ಟಿಕೆಟಿನ ವಿವರದೊಂದಿಗೆ ಮುಂಚಿತವಾಗಿ ಅರ್ಜಿ ಕೊಟ್ಟರೆ ನ್ಯಾಯಾಲಯ ಸಾಮಾನ್ಯವಾಗಿ ಒಪ್ಪುತ್ತದೆ. ಹಿರಿಯರು ಈಗ ಊರಿನ ಮನೆಯಲ್ಲೇ ಇದ್ದರೆ ಸಂಪರ್ಕದ ನಿಷೇಧ ಅಲ್ಲಿಗೂ ಹಿಂಬಾಲಿಸುತ್ತದೆ. ಇಳಿದುಕೊಳ್ಳಲು ಬೇರೆ ಜಾಗ ತೋರಿಸಬೇಕು. ಸ್ಟೇಷನ್ನಿಗೆ ವಾರಕ್ಕೊಮ್ಮೆ ಹಾಜರಿಯಿದ್ದರೆ ಒಂದು ವಾರವೂ ತಪ್ಪಿಸಬೇಡಿ.

ಹಂತ 8: ರದ್ದತಿ, ಗಡುವು ಮತ್ತು ಕೊನೆಯ ಕಾಗದಗಳು

ಷರತ್ತು ಮುರಿದರೆ, ಬೆದರಿಸಿದರೆ, ಜಾಮೀನು ರದ್ದುಪಡಿಸಲು ಪೊಲೀಸರೂ ಹಿರಿಯರೂ ಅರ್ಜಿ ಹಾಕಬಹುದು. ಹಿರಿಯರು ದಿನಾಂಕ, ಹೊತ್ತು, ಕರೆಯ ದಾಖಲೆಗಳನ್ನು ಬರೆದಿಟ್ಟುಕೊಳ್ಳಿ. ತುರ್ತಿಗೆ 112, ಸಲಹೆಗೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ವಿಚಾರಣೆಗೆ ಬಾರದ ಆರೋಪಿಯ ಮೇಲೆ ವಾರಂಟ್ ಹೊರಡುತ್ತದೆ, ಜಾಮೀನುದಾರರ ಮುಚ್ಚಳಿಕೆಯ ಹಣ ಮುಟ್ಟುಗೋಲಾಗುತ್ತದೆ, ಮೇಲೆ ನ್ಯಾಯ ಸಂಹಿತೆಯ ಕಲಂ 269ರಡಿ ಒಂದು ವರ್ಷದವರೆಗಿನ ಶಿಕ್ಷೆಯ ಪ್ರತ್ಯೇಕ ಅಪರಾಧವೂ ಆಗುತ್ತದೆ.

ಜಾಮೀನು ಸಿಗದೆ ಒಳಗೇ ಇರುವವರು ಒಂದು ದಿನಾಂಕವನ್ನು ಗುರುತು ಹಾಕಿಕೊಳ್ಳಬೇಕು. ಮೊದಲ ರಿಮಾಂಡಿನಿಂದ 60 ದಿನದೊಳಗೆ, ಜೀವಾವಧಿ ಅಥವಾ ಹತ್ತು ವರ್ಷ ಹಾಗೂ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನದೊಳಗೆ, ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಸುರಕ್ಷಾ ಸಂಹಿತೆಯ 187ನೇ ಕಲಮಿನಡಿ ಜಾಮೀನು ಹಕ್ಕಾಗುತ್ತದೆ. ಆದರೆ ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಿರಬೇಕು. ಒಂದು ದಿನ ತಡವಾಗಿ ಈ ಹಕ್ಕು ಕೈತಪ್ಪಿದ್ದಕ್ಕೆ ಪರಿಹಾರವಿಲ್ಲ.

ಪ್ರಕರಣ ಮುಗಿದ ಮೇಲೆ ಜನ ಮರೆಯುವುದು ಕಟ್ಟಿದ ನಗದನ್ನು. ಅದು ತಾನಾಗಿ ಮನೆಗೆ ಬರುವುದಿಲ್ಲ, ಕೋರ್ಟಿಗೆ ಅರ್ಜಿ ಕೊಟ್ಟು ಪಡೆಯಬೇಕು, ಅದಕ್ಕೆ ಅಂದು ಕೊಟ್ಟ ರಸೀದಿ ಬೇಕು. ತೀರ್ಪಿನ ಹೊತ್ತಿಗೆ, ಮೇಲ್ಮನವಿ ನ್ಯಾಯಾಲಯ ಕರೆದರೆ ಬರುತ್ತೇನೆಂದು ಆರು ತಿಂಗಳ ಇನ್ನೊಂದು ಮುಚ್ಚಳಿಕೆ ಬರೆಸಿಕೊಳ್ಳುವುದುಂಟು. ಆ ಅವಧಿ ಮುಗಿದ ದಿನವನ್ನೂ ಬರೆದಿಡಿ. ನಿಮ್ಮನ್ನು ನಂಬಿ ಜಾಮೀನು ನಿಂತವರ ಮೂಲ ದಾಖಲೆಗಳು ಕೋರ್ಟಿನಲ್ಲಿ ಉಳಿದಿದ್ದರೆ ಅವನ್ನು ಬಿಡಿಸಿ, ಅವರ ಮನೆಗೆ ನೀವೇ ಹೋಗಿ ಕೈಗೆ ಕೊಟ್ಟು ಬನ್ನಿ.